ಸಪ್ತಮಿ ವಿಭಕ್ತಿ

ಕಮ್ಮನಹಳ್ಳಿ ಮೇನ್ ರೋಡಿನಿಂದ ಒಳಗೆ, ಎರಡನೇ ಅಡ್ಡರಸ್ತೆ,
ಕೋಳಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ
ಒಂದು ಷಟರ್ ಅಗಲ, ಅಷ್ಟೇ, ನನ್ನ ಜೆರಾಕ್ಸ್ ಅಂಗಡಿ.
ಒಂದು ಕಡೆಗೆ ಎರಡು ರೂಪಾಯಿ, ಎರಡೂ ಕಡೆಗೆ ಮೂರು.
ದೇಶ ಬಿಟ್ಟು ಬಂದವರ ಕಾಗದಗಳು
ಇಲ್ಲಿ ಗಾಜಿನ ಮೇಲೆ ಬೋರಲು ಮಲಗಿ
ಒಂದು ಸಲ ಬೆಳಕು ಕಂಡು ಎದ್ದುಹೋಗುತ್ತವೆ.

ಕಲ್ತೂಮ ಮೊದಲು ಬಂದಾಗ
ಮಗ ತಿಜಾನಿಗೆ ಕೌಂಟರು ಎಟುಕುತ್ತಿರಲಿಲ್ಲ.
ಸುಡಾನಿನ ಪಶ್ಚಿಮಕ್ಕೆ ಒಂದು ಊರು. ಹೆಸರನ್ನು
ಮೂರು ಸಲ ಹೇಳಿಸಿ ಟೈಪ್ ಮಾಡಿದೆ,
ಮೂರು ಸಲವೂ ಬೇರೆ ಬೇರೆ ಊರಾಯಿತು.
ಅರ್ಜಿ ದಿಲ್ಲಿಗೆ ಹೋಯಿತು. ದಿಲ್ಲಿಯಿಂದ ಒಂದು ನಂಬರು ಬಂತು.
ನಂಬರು ಒತ್ತಿದಾಗೆಲ್ಲ ಬರುವ ಇಂಗ್ಲಿಷ್ ಸಾಲನ್ನು
ಕನ್ನಡ ಮಾಡಿ ಹೇಳಿದೆ: ಪರಿಶೀಲನೆಯಲ್ಲಿದೆ.
ಅವಳು ಕಲಿತ ಮೊದಲ ಉದ್ದದ ಪದ ಅದೇ.
ಬಾಡಿಗೆ ಕೇಳಲು ಬಂದ ಮುನಿವೆಂಕಟಪ್ಪನಿಗೆ
ಅದನ್ನೇ ಹೇಳಿದಳಂತೆ. ಅವರು ನಕ್ಕು
ಒಂದು ವಾರ ಬಿಟ್ಟು ಬಂದರು.

ಫೋಟೊ ಆರು ತಿಂಗಳೊಳಗಿನದೇ ಆಗಬೇಕು.
ಆರಾರು ತಿಂಗಳಿಗೆ ನೀಲಿ ಪರದೆ ಇಳಿಸಿ
ಗದ್ದ ಮೇಲೆ, ಕಿವಿ ಕಾಣಲಿ, ನಗಬೇಡಿ ಎಂದೆ.
ನನ್ನ ಕಂಪ್ಯೂಟರಿನಲ್ಲಿ ಈಗ ಹದಿನಾರು ತಿಜಾನಿಗಳು,
ನಗದ ಹದಿನಾರು ಮುಖ.
ಆರನೆಯದರಲ್ಲಿ ಮುಂದಿನ ಹಲ್ಲು ಇಲ್ಲವೆಂದು
ಬಾಯಿ ಬಿಗಿದಿರುವುದು ನನಗೊಬ್ಬಳಿಗೆ ಗೊತ್ತು.

ಐದನೇ ವರ್ಷ ಫೋನಿನಲ್ಲಿ ಸಂದರ್ಶನ.
ಅಂಗಡಿ ಷಟರು ಅರ್ಧ ಎಳೆದು ಕೊಟ್ಟೆ.
ಅವರ ಪ್ರಶ್ನೆ, ದುಭಾಷಿಯ ಪ್ರಶ್ನೆ, ಅವಳ ಉತ್ತರ, ದುಭಾಷಿಯ ಉತ್ತರ,
ನಡುವೆ ಹೊರಗಿನಿಂದ ಕೋಳಿಗಳು.
ಏಳು ದಾಟಿದ ಮೇಲೆ ಕಾಗದ ಬಂತು:
ನಂಬಲರ್ಹವಲ್ಲ.
ಸಂತೆ ಸುಟ್ಟದ್ದು ಒಂದು ಹೇಳಿಕೆಯಲ್ಲಿ ಗುರುವಾರ,
ಇನ್ನೊಂದರಲ್ಲಿ ಶುಕ್ರವಾರ.
ಮೇಲ್ಮನವಿಗೆ ಮೂವತ್ತು ದಿನ.

ಟೈಪ್ ಮಾಡುತ್ತ ನಾನೂ ಗದರಿದೆ, ಯಾವ ವಾರ, ಸರಿಯಾಗಿ ಹೇಳು.
‘ರಾತ್ರಿ ಹತ್ತಿತು, ಮಾರನೇ ಮಧ್ಯಾಹ್ನದ ತನಕ ಉರಿಯಿತು,’ ಅಂದಳು.
ನನ್ನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.
ಇಷ್ಟು ವರ್ಷ ಯಾರೂ ಕೇಳಲಿಲ್ಲವಾ?
ಯಾವ ವಾರ ಅಂತಲೇ ಕೇಳಿದರಂತೆ.

ಅವಳ ಕಾರ್ಡಿನಲ್ಲಿ ಹುಟ್ಟಿದ್ದು ಜನವರಿ ಒಂದು.
ನನ್ನದು ಜೂನ್ ಒಂದು. ಶಾಲೆಗೆ ಸೇರಿಸುವಾಗ
ಹೆಡ್ಮಾಸ್ಟರು ನನ್ನ ಎತ್ತರ ನೋಡಿ ಬರೆದದ್ದು.
ನಮ್ಮವ್ವನ ಲೆಕ್ಕದಲ್ಲಿ ನಾನು ಹುಟ್ಟಿದ್ದು
ಎಮ್ಮೆ ಕರು ಹಾಕಿದ ಮಾರನೇ ದಿನ.
ಅದನ್ನು ಇಂದಿನವರೆಗೂ
ಯಾವ ಕಚೇರಿಯೂ ಸುಳ್ಳು ಅಂದಿಲ್ಲ.

ತಿಜಾನಿ ಈಗ ಏಳನೇ ಕ್ಲಾಸು.
ಪ್ರಿಂಟು ಬರುವಷ್ಟರಲ್ಲಿ ಸ್ಟೂಲಿನ ಮೇಲೆ ವ್ಯಾಕರಣ ಪುಸ್ತಕ.
‘ಆಂಟಿ, ಊರಿನ ದೆಸೆಯಿಂದ ಅಂತ ಯಾರಾದ್ರೂ ಮಾತಾಡ್ತಾರಾ?’
ಪರೀಕ್ಷೆಯಲ್ಲಿ ಮಾತ್ರ, ಅಂದೆ.
ಸಪ್ತಮಿಗೆ ಸ್ವಂತ ವಾಕ್ಯ ಬರೆಯಿರಿ ಎಂದಿದ್ದರಂತೆ.
ಉಳಿದ ಮಕ್ಕಳು ಮನೆಯಲ್ಲಿ, ಮರದಲ್ಲಿ, ಚೀಲದಲ್ಲಿ.
ಇವನು: ನಾವು ಪರಿಶೀಲನೆಯಲ್ಲಿ ಇದ್ದೇವೆ.
ವಿನೋದಿನಿ ಮಿಸ್ಸು ಕೆಂಪಿನಲ್ಲಿ ರೈಟು ಹಾಕಿದ್ದಾರೆ.
ತಪ್ಪೇನೂ ಇಲ್ಲವಲ್ಲ.

ಇವತ್ತು ಇಪ್ಪತ್ತೆಂಟನೇ ದಿನ.
ಹದಿನೆಂಟು ಹಾಳೆ, ಮೂರು ಸೆಟ್.
ಎರಡನೇ ಸೆಟ್ಟಿನ ನಡುವೆ ಕರೆಂಟು ಹೋಯಿತು.
ಹಾಳೆ ಅರ್ಧ ಹೊರಗೆ, ಅರ್ಧ ಮೆಷಿನ್ನಿನ ಬಿಸಿಯಲ್ಲಿ.
ಕಲ್ತೂಮ ಕೈ ಚಾಚಿದಳು.
ಎಳೀಬೇಡ, ಹರಿಯುತ್ತೆ, ಕೂತ್ಕೋ ಅಂದೆ.
ಕೂತಳು. ಕೂರುವುದು ಅವಳಿಗೆ ಹೊಸದಲ್ಲ.
ಹುಡುಗ ಮೊಬೈಲು ಟಾರ್ಚಿನಲ್ಲಿ ಪುಟ ತಿರುವಿ
‘ಎಂಟನೆಯದು ಸಂಬೋಧನೆ, ಕರೆಯೋದಕ್ಕೆ’ ಅಂದ.
ರಸ್ತೆಗೆ ತಲೆ ಹಾಕಿ
‘ಕರೆಂಟೇ! ಎಲೈ ಕರೆಂಟೇ!’ ಎಂದು ಕೂಗಿದ.
ಕೋಳಿ ಅಂಗಡಿಯವರು ನಕ್ಕರು.
ಅವಳೂ ನಕ್ಕಳು, ಕಿವಿ ಕಾಣುವ ಹಾಗೆ,
ಫೋಟೊಕ್ಕೆ ಬಾರದ ನಗು.
ಬರಲಿಲ್ಲ, ಇನ್ನೂ.