ಈ ವರ್ಷದ ತಿಟ್ಟು

ಬರೆಯುವುದು ಒಂದು, ಕರೆಯುವುದು ಇನ್ನೊಂದು.
ಬೆಕ್ವಿಯಾ ಅಲ್ಲ ಸಾರ್, ಬೆಕ್ವೇ
ಎಂದು ಹಲ್ಲಿನ ಡಾಕ್ಟರಿಗೆ ಫೋನಿನಲ್ಲಿ ತಿದ್ದಿದವಳು ನಾನು,
ಸಯ್ಯಾಜಿರಾವ್ ರಸ್ತೆಯ ಬಳೆಯಂಗಡಿ ಮೇಲಣ ಮಹಡಿಯಲ್ಲಿ ಕೂತು
ಸಮುದ್ರ ಕಾಣದವಳು.

ಕ್ಯಾರಿಬಿಯನ್ನಿನ ಪುಟಾಣಿ ದ್ವೀಪಗಳೆಲ್ಲ ನನಗೆ ಬಾಯಿಪಾಠ:
ಯಾವ ದಡಕ್ಕೆ ಯಾವ ದೋಣಿ, ಎಲ್ಲಿ ಮರಳು ಬಿಳಿ,
ಎಲ್ಲಿ ಆಮೆಗಳ ಜೊತೆ ಈಜಬಹುದು,
ಮೇರೋ ಎಂಬಲ್ಲಿ ಒಂದು ಸಣ್ಣ ಸೊಂಟದ ಮರಳಪಟ್ಟಿ,
ಈಚೆ ಮಗ್ಗುಲಿಗೆ ನಿದ್ದೆ, ಆಚೆ ಮಗ್ಗುಲಿಗೆ ಅಲೆ.
ಕ್ಯಾರಿಯಕೂ ಅನ್ನುವಾಗ
ಕೊನೆಯ ಕೂ ಹಕ್ಕಿ ಕೂಗಿದಂತೆ ಎಳೆಯಬೇಕು.
ನನ್ನ ಪಾಸ್‌ಪೋರ್ಟೇ? ಮಾಡಿಸಿಲ್ಲ.
ಓನರ್ ಚೆಲುವರಾಜೇ ಅರಸು ನಗುತ್ತಾರೆ:
ಮಿಠಾಯಿ ಮಾರುವವರು ಮಿಠಾಯಿ ತಿನ್ನಬಾರದಮ್ಮ.

ಯುಗಾದಿ ಕಳೆದ ಎರಡನೇ ಭಾನುವಾರ
ನರಸೀಪುರದಲ್ಲಿ ಬಸ್ಸು ಬದಲಿಸಿ
ತಲಕಾಡಿಗೆ ಹೋದೆ, ಯಾರಿಗೂ ಹೇಳದೆ.
ಚಪ್ಪಲಿ ಕೈಗೆ ತೆಗೆದುಕೊಂಡ ಕೂಡಲೆ
ಮರಳು ಬಾಣಲೆ.
ಟ್ಯೂಬಿನೊಳಗೆ ತೇಲುವ ಮದ್ದೂರಿನ ಹುಡುಗರು,
ಸೀರೆಯುಟ್ಟೇ ಮುಳುಗೇಳುವ ಅತ್ತೆ ನಾದಿನಿಯರು,
ಮೀನು ಕರಿಯುವ ಹೊಗೆ.

ಹರಿಗೋಲಿನ ಚಿಕ್ಕಬೆಟ್ಟಯ್ಯ ನನ್ನನ್ನು ಅಳೆದು ನೋಡಿ,
"ಒಬ್ರೇನಾ? ಗಿರ್ರನೆ ತಿರುಗಿಸೋದು ಬೇಕಾ, ಬ್ಯಾಡ್ವಾ?
ಶಾಪದ ಕತೆಗೆ ಬ್ಯಾರೆ ರೇಟು" ಅಂದ.
ತಿರುಗಿಸಬೇಡಿ. ಶಾಪ ಗೊತ್ತು.
ಬರೀ ದ್ವೀಪ ತೋರಿಸಿ.
"ಅದೇನವ್ವಾ ದ್ವೀಪ? ತಿಟ್ಟು ಅನ್ನಿ."

ಮುಂದು ಹಿಂದು ಇಲ್ಲದ ದೋಣಿ ಅದು;
ಎತ್ತ ಕೂತರೂ ಹೋಗುತ್ತಿರುವ ಕಡೆಗೆ ಬೆನ್ನು, ಇಲ್ಲವೇ ಮುಖ,
ಎರಡು ಗಳಿಗೆಗೆ ಅದೂ ಅದಲುಬದಲು.
ಬಿದಿರ ಹೆಣಿಗೆಯ ಕೆಳಗೆ
ನೀರು ಬೆರಳಾಡಿಸುವುದು ಪಾದಕ್ಕೆ ತಿಳಿಯುತ್ತದೆ.
ಅವನು ಹುಟ್ಟು ತೋರಿ ಹೆಸರಿಸಿದ:
ಎಮ್ಮೆತಿಟ್ಟು. ಅಗಸರ ತಿಟ್ಟು.
ಅದರಾಚೆ ಕರಿಬಂಡೆ, ಅದು ತಿಟ್ಟಲ್ಲ, ಮೊಸಳೆಯ ಮಂಚ.
ಅಗೋ ಅಲ್ಲಿ ಒಂದಿತ್ತು, ಹೋದ ಸಲ ಕೊಚ್ಚಿಕೊಂಡು ಹೋಯ್ತು.
ಇಲ್ಲದ್ದನ್ನೂ ಅವನು ಬಳಸಿಕೊಂಡೇ ಹುಟ್ಟು ಹಾಕಿದ.

ಕೊನೆಗೆ ಇಳಿಸಿದ್ದು
ಬಸ್ ಸ್ಟ್ಯಾಂಡಿನಷ್ಟಗಲದ ಹೊಚ್ಚಹೊಸ ಮರಳ ಮೇಲೆ.
"ಸಂಕ್ರಾಂತಿಯಾದ ಮ್ಯಾಕೆ ತಲೆ ಎತ್ತದೆ. ಹೆಸರಿಲ್ಲ.
ಒಂದು ವರ್ಷ ನಿಂತ್ರೆ ಇಡೋಣ."
ಮರಳಿನಲ್ಲಿ ಸಾಲು ಸಾಲು ಗುಂಡಿ,
ಗುಂಡಿಗೊಂದು ಸೌತೆಬಳ್ಳಿ;
ಅವನೂ ಅವನ ಹೆಂಡತಿ ಹೊಂಬಮ್ಮನೂ
ಬೆಳದಿಂಗಳಲ್ಲಿ ಗೊಬ್ಬರ ಹೊತ್ತು ನೆಟ್ಟದ್ದು.
"ಕನ್ನಂಬಾಡಿಯೋರು ನೀರು ಬುಡೋದು ಮೊದ್ಲೋ
ಕಾಯಿ ಬಲಿಯೋದು ಮೊದ್ಲೋ, ನೋಡ್ಬೇಕು ಕಣವ್ವ."
ಸೋತರೆ? ಅವನು ಭುಜ ಕುಣಿಸಿದ.
"ಆ ಮೂಲೆಗೆ ಹೋಗ್ಬ್ಯಾಡಿ. ಹಕ್ಕಿ ಮೊಟ್ಟೆ ಇಕ್ಕದೆ."

ಮೂಲೆಯಲ್ಲಿ ಮೂರು ಮೊಟ್ಟೆ,
ಮರಳಿನದೇ ಬಣ್ಣ, ಮರಳಿನದೇ ಚುಕ್ಕೆ,
ಗೂಡು ಎಂಬ ನೆಪವೂ ಇಲ್ಲ.
ಮೇಲೆ ತಾಯಿ ನನ್ನ ತಲೆಗೇ ಗುರಿಯಿಟ್ಟು ಬಯ್ಯುತ್ತಿತ್ತು.

ಅವನು ಕಿತ್ತು ಕೊಟ್ಟ ಎಳೆಗಾಯಿ
ತೊಟ್ಟಿನ ಕಡೆ ಕಹಿ,
ಉಳಿದಂತೆ ಬರೀ ತಣ್ಣಗಿನ ನೀರು.
ನಿಂತುಕೊಂಡೇ ತಿಂದೆ.
ಇಲ್ಲಿ ಎರಡು ರಾತ್ರಿ, ಮೂರು ಹಗಲು, ತಿಂಡಿ ಸೇರಿ
ಎಂದು ಯಾರಿಗಾದರೂ ಮಾರಬಹುದೇ
ಎಂದೊಮ್ಮೆ ಮನಸ್ಸು ಲೆಕ್ಕ ಹಾಕಿತು, ಅಭ್ಯಾಸಬಲ.
ಆಮೇಲೆ ನಾಚಿಕೆಯಾಗಿ
ಸಿಪ್ಪೆಯನ್ನು ಹೊಳೆಗೆ ಬಿಟ್ಟೆ.
ಅದು ನಮ್ಮ ಹರಿಗೋಲಿಗಿಂತ ಜಾಣತನದಿಂದ
ನೆಟ್ಟಗೆ ಕೆಳಗೆ ಹೊರಟಿತು,
ತಮಿಳುನಾಡು ದಾಟಿದರೆ ಕಡಲಂತೆ.

ಸೋಮವಾರ ಹತ್ತೂವರೆಗೆ ಡಾಕ್ಟರ ಫೋನು:
"ಆಗಸ್ಟಿಗೆ ಹಾಕಿದರೆ ತುಂಬಾ ಕಮ್ಮಿ ತೋರಿಸ್ತಿದೆಯಲ್ಲಮ್ಮ?
ದ್ವೀಪ ಎಲ್ಲಿಗೂ ಓಡಿಹೋಗಲ್ಲವಲ್ಲ!"
ಬೇಡ ಸಾರ್, ಅಂದೆ,
ನೀರು ಬಿಡೋಕೆ ಮುಂಚೆ ಹೋಗಿಬನ್ನಿ.

ಆ ಕಡೆ ಒಂದು ಕ್ಷಣ ಬರೀ
ಹಲ್ಲು ಕೊರೆಯುವ ಯಂತ್ರದ ಸದ್ದು.
"ಯಾವ ನೀರಮ್ಮ?"

ಚಂಡಮಾರುತ ಸಾರ್. ಚಂಡಮಾರುತ ಅಂದೆ.