ಮೂರು ತಾಸು ಹತ್ತು ನಿಮಿಷ

ಏಪ್ರಿಲ್. ಕಲಬುರಗಿ. ರಾತ್ರಿ ಏಳಾದರೂ
ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆ.
ವಾಚನಾಲಯದ ಮಹಡಿಯ ಮೇಲೆ
ಹದಿನೇಳು ಕುರ್ಚಿ, ಒಂದು ಬಿಳಿ ಚಾದರ,
ಗುಡುಗುಡು ಕೂಲರು.

ಪರದೆಯ ಮೇಲೆ ಹಿಮ.
ಸಾರೋಟಿನಿಂದ ಇಳಿದ ಕೌಂಟೆಸ್
ಒಂದೊಂದೇ ಬೆರಳಿನಿಂದ ಕೈಗವಸು ಬಿಚ್ಚಿದಳು.
ಹಿಂದಿನ ಸಾಲಿನಲ್ಲಿ ಯಾರೋ ಅಂಗಿಯ ಗುಂಡಿ ಬಿಚ್ಚಿದರು.

ಬೆಳ್ಳಿ ತಟ್ಟೆಯಲ್ಲಿ ಒಂದು ಪತ್ರ ಬಂತು.
ಆಕೆ ಒಡೆಯಲಿಲ್ಲ.
ಊಟಕ್ಕೆ ಕೂತರು; ಒಂಬತ್ತು ಸಲ ತಟ್ಟೆ ಬದಲಾಯಿತು,
ಯಾರೂ ಹೊಟ್ಟೆ ತುಂಬ ಉಂಡಂತೆ ಕಾಣಲಿಲ್ಲ.
ಮಾತು ಯಾವ ದೇಶದ್ದೋ, ಅಡಿಯಲ್ಲಿ ಇಂಗ್ಲಿಷು
ಓಡುವ ಇರುವೆ ಸಾಲು.
ಆರಿಸಿ ತಂದವನು ನಾನೇ, ಯಾರಿಗೆ ಹೇಳಲಿ.
ಇಂಟರ್ವಲ್ಲಿಗೆ ಚಹಾ ಕುಡಿಯಲು ಇಳಿದವರಲ್ಲಿ
ವಕೀಲ ಮಠಪತಿಯವರೊಬ್ಬರೇ ಮರಳಿದರು,
ಅದೂ ಮರೆತ ಕನ್ನಡಕಕ್ಕೆ.

ಉಳಿದವ ಲಾಡ್ಲೇಸಾಬ,
ಕೂಲರಿಗೆ ನೀರು ಸುರಿಯುವವ.
ಶಹಾಬಾದಿನ ಖಣಿಯಲ್ಲಿ ಇಪ್ಪತ್ತೆಂಟು ವರ್ಷ
ಪರಸಿ ಎಬ್ಬಿಸಿ, ಆಮೇಲೆ ಮನೆಮನೆಗೆ ಹಾಸಿ,
ಮೊಣಕಾಲು ಎರಡನ್ನೂ ಅಲ್ಲೇ ಒಪ್ಪಿಸಿ ಬಂದವ.
ಬಕೀಟು ಕೆಳಗಿಟ್ಟು
ನಿಂತೇ ನೋಡುತ್ತಿದ್ದ.

ಕುಣಿತ ಶುರುವಾಯಿತು. ನೂರು ಮಂದಿ, ಸಾವಿರ ಮೇಣದಬತ್ತಿ,
ವಜ್ರ, ಬೀಸಣಿಗೆ, ಬೆವರದ ಕುತ್ತಿಗೆಗಳು.
ನಾನು ಗುಂಪಿನಲ್ಲಿ ಕೌಂಟೆಸ್ಸಿನ ಕಣ್ಣು ಹುಡುಕುತ್ತಿದ್ದೆ.
'ನೆಲ ನೋಡ್ರಿ ಸಾಹೇಬ್ರ,' ಅಂದ,
'ಇಷ್ಟು ಮಂದಿ ತಿರಗ್ಯಾಡಿದ್ರೂ ಒಂದು ಸಂದು ಬಿಟ್ಟಿಲ್ಲ.
ಯಾವನೋ ಕೂತು ತಿಕ್ಯಾನ.
ಮೊಣಕಾಲ ಮ್ಯಾಲೇ ಕೂತು ತಿಕ್ಯಾನ.'

ಅಲ್ಲಿಂದ ನನಗೂ ನೆಲವೇ ಕಂಡಿತು.
ಕರಿ ಬಿಳಿ ಚೌಕದ ಮೇಲೆ
ರೇಷ್ಮೆ ಎಳೆದುಕೊಂಡು ಹೋಗುವ ಸದ್ದು,
ಒಂದು ಹನಿ ಮೇಣ ಬಿತ್ತು. ಬಿತ್ತೇ?
ತೆಗೆದವರು ಅದನ್ನು ಕಂಡಿದ್ದರೋ ಇಲ್ಲವೋ,
ಲಾಡ್ಲೇಸಾಬ 'ಚ್' ಅಂದ.

ಮುಂದೆ ಬೇಟೆ, ಸಾಲ, ಮಹಲಿನ ಹರಾಜು, ಮತ್ತೊಂದು ಹಿಮ.
ನಡುವೆ ಕರೆಂಟು ಹೋಗಿ ಬಂತು.
ಹೆಸರುಗಳು ಮೇಲಕ್ಕೇರುವಾಗ
ನಾನು ವೈರು ಸುತ್ತುತ್ತಿದ್ದೆ, ಅವ ಕುರ್ಚಿ ಮಡಚುತ್ತಿದ್ದ.
'ಮುಗೀತೇನ್ರಿ?'
'ಮುಗೀತು.'
'ಆ ಚೀಟಿ ಆಕಿ ಒಡದು ನೋಡಲೇ ಇಲ್ಲಲ್ರಿ.'

ನಾನು ಮೂರು ಸಲ ನೋಡಿದ ಸಿನಿಮಾ ಅದು.

ಮೆಟ್ಟಿಲಿಳಿದು ಅಂಗಳಕ್ಕೆ ಬಂದೆವು.
ಚಪ್ಪಲಿ ಹುಡುಕುತ್ತ ನಿಂತ ಅವನ ಬರಿಗಾಲ ಕೆಳಗೆ
ಪರಸಿ ಇನ್ನೂ ಬಿಸಿ ಇತ್ತು,
ಹನ್ನೊಂದು ಹೊಡೆದಿತ್ತು.