ಮೊಳಕ್ಕೆ ಎರಡು ಬೆರಳು ಕಮ್ಮಿ

"ಅಂಗಳ ಎಷ್ಟು ದೊಡ್ಡದು ಮೇಡಂ?" ಅಂದ
ಬಿ.ಎಚ್. ರೋಡಿನ ಅಂಗಡಿಯ ಹಾಲೇಶ.
ಒಂದೂವರೆ ಎಕರೆ, ಅಂದೆ.
"ಅಬ್ಬಾ. ಎಷ್ಟು ಜನ ಇದ್ದೀರಿ?"
ಮುನ್ನೂರ ಹನ್ನೆರಡು.
ಅವನ ಬೆರಳು ಕ್ಯಾಲ್ಕುಲೇಟರಿನ ಮೇಲೇ ಉಳಿಯಿತು.
ಇಗರ್ಜಿಯ ಸ್ಮಶಾನ ಮಾರಾಯ, ಎಂದು ಬಿಡಿಸಿ ಹೇಳಿದ ಮೇಲೆ
ನಕ್ಕ. ನಗಬಾರದಿತ್ತೇನೋ ಎಂದು
ಮೂರು ಟೀ ತರಿಸಿದ.

ಖಜಾಂಚಿ ನಾನು. ಕೈಯಲ್ಲಿ ಇಪ್ಪತ್ತು ಸಾವಿರ,
ಅದರಲ್ಲಿ ಎರಡು ಸಾವಿರ ಕಾಣಿಕೆ ಡಬ್ಬಿಯ ನಾಣ್ಯ.
ನವೆಂಬರ್ ಎರಡಕ್ಕೆ ಇನ್ನು ಹದಿನೇಳು ದಿನ.
ಅವತ್ತು ಎಲ್ಲರೂ ಮೇಣದಬತ್ತಿ ಹಿಡಿದು ಬರುತ್ತಾರೆ,
ಸೊಂಟದೆತ್ತರದ ಹುಲ್ಲಲ್ಲಿ ತಮ್ಮ ತಮ್ಮವರನ್ನು ಹುಡುಕುತ್ತಾರೆ,
ಆಮೇಲೆ ನನ್ನನ್ನು ಹುಡುಕುತ್ತಾರೆ.

ಹಾಲೇಶ ಒಂದೊಂದೇ ಹೊರಗೆಳೆದ.
ಕರೆಂಟಿನದು ಅಗ್ಗ; ಗೇಟಿನಿಂದ ಎಳೆದ ವೈರು
ಮೂರನೇ ಸಾಲಿಗೇ ಮುಗಿಯುತ್ತದೆ,
ಅಲ್ಲಿಂದಾಚೆ ಮಲಗಿದವರು ಮಾಡಿದ ಪಾಪವೇನು?
ಕೈಯಲ್ಲಿ ತಳ್ಳುವುದು ಇನ್ನೂ ಅಗ್ಗ;
ನಮ್ಮ ನಾಚಿಕೆಮುಳ್ಳಿಗೆ, ಕಾಂಗ್ರೆಸ್ ಗಿಡಕ್ಕೆ
ಅದು ಕ್ಷೌರದ ಬ್ಲೇಡು.
ಹೆಗಲಿಗೆ ನೇತುಹಾಕುವುದಿದೆ, ತೀರ್ಥಹಳ್ಳಿ ಕಡೆಯವರೆಲ್ಲ ಅದನ್ನೇ ಒಯ್ಯೋದು;
ಆದರೆ ಅದರ ಬಾಯಿಗೆ ಸಿಕ್ಕ ಜಲ್ಲಿಕಲ್ಲು
ಸೀದಾ ಹೋಗಿ ಯಾರದಾದರೂ ಫೋಟೋ ಒಡೆದೀತು.
"ಹಾಗಾದರೆ ಇದು."
ಕೆಂಪು ಬಣ್ಣ, ಪೆಟ್ರೋಲು, ಇಪ್ಪತ್ತೊಂದು ಇಂಚು, ತಾನೇ ನಡೆಯುತ್ತೆ,
ದಸರಾ ಆಫರು ಮುಗಿದಿದೆ, ನಿಮಗೆ ಮುಗಿದಿಲ್ಲ,
ಹತ್ತೊಂಬತ್ತು ಸಾವಿರದ ಒಂಬೈನೂರು.
ನಾನು ಬ್ಯಾಗಿನ ಜಿಪ್ಪು ಎಳೆದಾಗಿತ್ತು.

ಅಲ್ಲಿವರೆಗೆ ಬಾಗಿಲಲ್ಲೇ ಇದ್ದ ಪಾಸ್ಕು ಮಾಮ,
ಗುಂಡಿ ತೋಡುವ ಪಾಸ್ಕು ಮಾಮ,
ಚಪ್ಪಲಿ ಬಿಟ್ಟು ಒಳಗೆ ಬಂದ.
ಕಂಕುಳಲ್ಲಿ ಒಂದು ಬಿದಿರ ಕಡ್ಡಿ.
ಅಲಗು ಮುಟ್ಟಲಿಲ್ಲ, ಎಣ್ಣೆ ಎಷ್ಟು ಕುಡಿಯುತ್ತೆ ಎಂದೂ ಕೇಳಲಿಲ್ಲ.
ಕುಕ್ಕರುಗಾಲಲ್ಲಿ ಕೂತು
ಈ ಗಾಲಿಯಿಂದ ಆ ಗಾಲಿಗೆ ಕಡ್ಡಿ ಹಿಡಿದ.
"ಆಗಲ್ಲ."
ಪಕ್ಕದ್ದಕ್ಕೆ ಹಿಡಿದ. "ಇದೂ ಆಗಲ್ಲ."
ಸಾಲಿನ ನಡುವೆ ಮೂರು ಅಡಿ ಇದೆ ಮಾಮ, ನಕ್ಷೆ ನೋಡಿದ್ದೀನಿ.
"ದೊಡ್ಡವರ ಸಾಲಲ್ಲಿ ಇದೆ," ಅಂದ.
"ಗೋಡೆ ಬದಿ ಮೊಳಕ್ಕೆ ಎರಡು ಬೆರಳು ಕಮ್ಮಿ."

ಗೋಡೆ ಬದಿ ಏನಿದೆ? ಖಾಲಿ ಜಾಗ.
ಮುಂದಿನ ವರ್ಷ ಅಲ್ಲಿ ಬೈಕು ನಿಲ್ಲಿಸಲು ಶೆಡ್ಡು ಎಂದಾಗ
ಕೈ ಎತ್ತಿದವರಲ್ಲಿ ನಾನೂ ಒಬ್ಬಳು.
ಮಾಮ ಹಾಲೇಶನ ಕಡೆ ತಿರುಗಿ,
ನನಗಲ್ಲ, ಅವನಿಗೆ, ಹೇಳಿದ:
"ಮುನ್ನೂರ ಇಪ್ಪತ್ತೊಂದು ಜನ ಸ್ವಾಮಿ.
ಇವರ ಪುಸ್ತಕದಲ್ಲಿ ಒಂಬತ್ತು ಬಿಟ್ಟಿದೆ.
ಜ್ಞಾನಸ್ನಾನಕ್ಕೆ ಮೊದಲೇ ಹೋದವು.
ನಮ್ಮಪ್ಪ ತೋಡಿದ್ದು ಆರು, ನಾನು ಮೂರು.
ಆಗ ಕಲ್ಲು ಇಡೋ ಹಾಗಿರಲಿಲ್ಲ.
ಒಂದೊಂದು ಹಂಚು ಮಗುಚಿ ಇಟ್ಟಿದ್ದೀವಿ."

ಟೀ ಮೇಲೆ ಕೆನೆ ಕಟ್ಟಿತ್ತು.
ಹಾಲೇಶ ಏಣಿ ಹಾಕಿ ಅಟ್ಟ ಹತ್ತಿದ.
ಹಳೇ ಸ್ಟಾಕು, ಪೆಟ್ಟಿಗೆ ಹರಿದದ್ದು, ಹದಿನಾಲ್ಕು ಇಂಚಿನದು,
ಯಾರೂ ಕೇಳದೆ ಮೂರು ವರ್ಷ ಕೂತದ್ದು.
ಧೂಳು ಒರೆಸುವ ಮೊದಲೇ ಮಾಮ ಕಡ್ಡಿ ಹಿಡಿದ.
ಆಚೆ ಈಚೆ ಒಂದೊಂದು ಕಡಲೆಕಾಳಿನಷ್ಟು ಉಳಿಯಿತು.
ಹದಿನಾಲ್ಕು ಸಾವಿರ.
ನಾಣ್ಯದ ಗಂಟನ್ನು ಹಾಲೇಶ ಬಿಚ್ಚಿ ಎಣಿಸಲಿಲ್ಲ.

ಯಂತ್ರ ಒಳ್ಳೆಯದೇನಲ್ಲ. ಬೆಳಗಿನ ಚಳಿಗೆ
ಆರು ಸಲ ಹಗ್ಗ ಎಳೆಯಬೇಕು, ಏಳನೆಯದಕ್ಕೆ ಬೈಯಬೇಕು.
ಪೂರ್ತಿ ಕತ್ತರಿಸಲು ನಾಲ್ಕು ದಿನ ಹಿಡಿಯಿತು.
ಅಗಲದ್ದಾಗಿದ್ದರೆ ಎರಡೇ ಸಾಕಿತ್ತು ಎಂದು
ಕಮಿಟಿಯಲ್ಲಿ ನನಗೇ ಲೆಕ್ಕ ಹೇಳಿಕೊಟ್ಟರು.

ವೋಚರಿನಲ್ಲಿ ಬರೆದೆ: ಹುಲ್ಲು ಕತ್ತರಿಸುವ ಯಂತ್ರ, ಒಂದು.
ಕೊನೆಯಲ್ಲಿ ಒಂದು ಖಾನೆ ಇದೆ, ಷರಾ ಅಂತ,
ಇಷ್ಟು ವರ್ಷ ಅಲ್ಲಿ ಅಡ್ಡಗೆರೆ ಎಳೆದೇ ಅಭ್ಯಾಸ.
ಒಂಬತ್ತು, ಎಂದು ಬರೆದೆ,
ಅಂಕಿಯಲ್ಲಲ್ಲ, ಅಕ್ಷರದಲ್ಲಿ.